ಉಂಡ್ರಾ ಅಂತ ಕೇಳೋ ಕಂಬ

ಓದಿದವರ ಜೊತೆ ಓಡಾಡಿದರೆ ಇಂಥವು ಆಗ್ತಾನೇ ಇರ್ತವೆ. ಚಾಮರಾಜನಗರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಲ್ಯಾಬ್ ಅಟೆಂಡರು. ನಮ್ಮ ಪ್ರೊಫೆಸರ್ ಮೇಡಂ ಪಾಠದ ಜೊತೆ ಕಂಪನಿಯನ್ನೂ ತೆಗೀತಾರೆ. ಎರಡು ಮುಚ್ಚಿದವು. ಇದು ಮೂರನೇದು.

೧. ಮೇಡಂ ಓದಿದ್ದು

"ಮೇಡಂ, ಇಷ್ಟು ವರ್ಷ ನೀವು ಓದಿದ್ದೇನು?" ಅಂದೆ.

"ಸುದ್ದಿ ಅಂದ್ರೇನು ಅಂತ. ಗೊತ್ತಿರೋದನ್ನೇ ಹೇಳಿದ್ರೆ ಅದು ಸುದ್ದಿಯಲ್ಲ."

"ಇದಕ್ಕೆ ಅಷ್ಟು ವರ್ಷ ಬೇಕಾಯ್ತಾ?"

ಲೆಕ್ಕ ತುಂಬಿದ ಬೋರ್ಡ್ ನೋಡಿದರು. ನನ್ನ ನೋಡಿದರು. "ಟೀ ತನ್ನಿ" ಅಂದರು.

೨. ಒಂದೇ ಗುಡಿ

ಬಂಡೀಪುರದ ಅಂಚಿನ ಒಂದು ಊರಲ್ಲಿ ಕಂಬ ನೆಟ್ಟೆವು. ಆನೆ ಬಂದರೆ ಅದು ಊರವರ ಫೋನಿಗೆಲ್ಲ ಕೂಗಬೇಕು. ಬರದಿದ್ದರೆ ಸುಮ್ಮನಿರಬೇಕು, ಬ್ಯಾಟರಿ ಉಳೀತದೆ. ಕಂಪನಿಗೆ ದುಡ್ಡು ಹಾಕೋರು ಹೇಳಿದ್ದರು: ಮೂರು ತಿಂಗಳಲ್ಲಿ ಒಂದಾದರೂ ಆನೆ ಹಿಡಿದು ತೋರಿಸಬೇಕು ನಿಮ್ಮ ಕಂಬ. ಇಲ್ಲಾಂದ್ರೆ ಇದನ್ನೂ ಮುಚ್ಚಿ.

ಎರಡು ತಿಂಗಳು ಆನೆ ಬರಲಿಲ್ಲ. ಬರದೇ ಇರಲಿ ಅಂತ ಊರವರು ಕಾಯಿ ಒಡೆಸಿದರು. ಬರಲಿ ಅಂತ ಮೇಡಂ ಒಡೆಸಿದರು.

ಪೂಜಾರಿ ನನ್ನ ಪಕ್ಕಕ್ಕೆ ಕರೆದ. "ಸಾಮಿ ಏನ್ಮಾಡ್ಬೇಕು ಕಣಣ್ಣ? ಊರೋರ್ದು ಮೂವತ್ತು ಕಾಯಿ, ನಿಮ್ ಮೇಡಮ್ಮೋರ್ದು ಒಂದೇಯ."

೩. ಬ್ಯಾಟರಿ

ಕಂಬದ ಪಕ್ಕದ ಹೊಲದ ಅಜ್ಜಿ ಬಂದಳು. "ನಿಮ್ ಕಂಬ ಸತ್ತೋಗದೆ ಕಣವ್ವ. ಮಾತೇ ಇಲ್ಲ."

"ಹೇಳೋಕೆ ಏನೂ ಇಲ್ಲ ಅಜ್ಜಿ, ಅದಕ್ಕೇ ಸುಮ್ಮನಿದೆ" ಅಂದರು ಮೇಡಂ.

ನಾನು ಬಾಯಿ ಹಾಕಿದೆ. "ನಮ್ಮನೆಯೋಳು ದಿನಾ ಮಧ್ಯಾಹ್ನ ಫೋನ್ ಮಾಡಿ ಉಂಡ್ರಾ ಅನ್ನೋಳು ಮೇಡಂ. ಉಂಡಿರ್ತೀನಿ ಅಂತ ಅವಳಿಗೂ ಗೊತ್ತಿತ್ತು. ಹೋದ ವರ್ಷ ತೀರಿಕೊಂಡಳು. ಈಗ ಫೋನು ಸುಮ್ಮನಿರ್ತದೆ. ಬ್ಯಾಟರಿ ಎರಡು ದಿನ ಬರ್ತದೆ."

ಮಾರನೇ ದಿನದಿಂದ ಸಂಜೆ ಸಂಜೆ ಎಲ್ಲರ ಫೋನಿಗೂ ಕಂಬದ ಕರೆ, ಮೇಡಂ ದನಿಯಲ್ಲಿ: "ಆನೆ ಇಲ್ಲ. ಉಂಡ್ರಾ?"

೪. ಕೊನೇ ದಿನ

ಕೇಳಿಸಿಕೊಂಡು ಸುಮ್ಮನಿರೋ ಊರಲ್ಲ ಅದು. "ಉಂಡೋ ಕಣವ್ವ, ನೀನುಂಡ್ಯಾ?" ಅಂತ ಎಲ್ಲರೂ ಕೇಳೋರು. ಕಂಬ ಉತ್ತರ ಕೊಡದು. ಅಜ್ಜಿಗೆ ಅದೇ ಸಂಕಟ. ನಮ್ಮನ್ನೆಲ್ಲ ಕೇಳ್ತದೆ, ತಾನು ಉಪವಾಸ ನಿಂತದೆ.

ಮೂರು ತಿಂಗಳು ಮುಗಿಯೋ ದಿನ ದುಡ್ಡು ಹಾಕೋರು ಬಂದು ಗುಡಿ ಜಗುಲಿ ಮೇಲೆ ಕೂತರು. ಮೇಡಂ ಮುಖ ಸಪ್ಪಗಿತ್ತು. ಸಂಜೆ ಐದಕ್ಕೆ ಊರಿನ ಫೋನೆಲ್ಲ ಒಟ್ಟಿಗೆ ಕೂಗಿಕೊಂಡವು. ಆನೆ!

ತಾರಸಿ ಹತ್ತಿ ನೋಡಿದೆವು. ಕಂಬದ ಬುಡದಲ್ಲಿ ಬಾಳೆಲೆ. ಎಲೆ ತುಂಬ ಬಿಡಿಸಿಟ್ಟ ಹಲಸಿನ ತೊಳೆ. ಆನೆ ನಿಧಾನಕ್ಕೆ ತಿಂತಿತ್ತು.

ಎಲ್ಲರೂ ಅಜ್ಜಿ ಕಡೆ ತಿರುಗಿದರು.

"ನಾನಿಕ್ಕಿದ್ದು ಕಂಬಕ್ಕೆ ಕಣ್ರಪ್ಪ" ಅಂದಳು. "ಅದು ನೆಂಟರನ್ನ ಕರ್ಕೊಂಡ್ರೆ ನಾನೇನ್ ಮಾಡ್ಲಿ?"