ಚೆನ್ನವ್ವನ ತುತ್ತು

ಕದ್ದು ತಿಂದದ್ದು ಮೈಗೆ ಹತ್ತುವುದಿಲ್ಲ ಎಂಬ ನಂಬಿಕೆಯಲ್ಲಿ ನಾನು ಬಹಳ ವರ್ಷ ಬದುಕಿದ್ದೇನೆ. ತಟ್ಟೆಗೆ ಬಡಿಸಿಕೊಂಡು, ಮನೆಯವರ ಎದುರಿಗೆ ಕೂತು ಉಂಡರೆ ಅದು ಊಟ. ಹಿತ್ತಲಲ್ಲಿ ನಿಂತು, ಬಾಗಿಲ ಕಡೆ ಒಂದು ಕಣ್ಣಿಟ್ಟು, ಎರಡು ಸಲ ಅಗಿದು ನುಂಗಿದ್ದು ಊಟವೂ ಅಲ್ಲ, ತಿಂಡಿಯೂ ಅಲ್ಲ. ನನಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ‘ಸಿಹಿ ಬಿಟ್ಟೀರಿಲ್ಲೊ?’ ಎಂದು ಡಾಕ್ಟರು ಕೇಳಿದಾಗಲೆಲ್ಲ ‘ಬಿಟ್ಟೇನ್ರಿ’ ಎಂದು ಧೈರ್ಯವಾಗಿ ಹೇಳುತ್ತ ಬಂದಿದ್ದೇನೆ. ಸುಳ್ಳು ಹೇಳುತ್ತಿದ್ದೇನೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಈ ನಂಬಿಕೆಯಿಂದ ನನಗೇ ಏನಾದರೂ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆದದ್ದು ನಮ್ಮ ಬೆಕ್ಕಿಗೆ.

ಬೆಕ್ಕಿನ ಹೆಸರು ಚೆನ್ನವ್ವ, ವಯಸ್ಸು ಹದಿನಾರು. ರಾಣೆಬೆನ್ನೂರಿನ ನಮ್ಮ ಮನೆಗೆ ಕಣ್ಣು ಬಿಡುವ ಮೊದಲೇ ಬಂದದ್ದು. ಹೋದ ವರ್ಷ ಇದ್ದಕ್ಕಿದ್ದಂತೆ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿತು, ಎಷ್ಟು ತಿಂದರೂ ಬೆನ್ನುಮೂಳೆ ಕೈಗೆ ಸಿಗತೊಡಗಿತು. ನಮ್ಮೂರಲ್ಲಿ ದನದ ಡಾಕ್ಟರಿಗೇನೂ ಕೊರತೆಯಿಲ್ಲ, ಆದರೆ ಬೆಕ್ಕಿನ ಕಿವಿಯಿಂದ ಒಂದು ಹನಿ ರಕ್ತ ತೆಗೆದು ನೋಡುವ ತಾಳ್ಮೆಯವರು ಸಿಕ್ಕದ್ದು ಹಾವೇರಿಯಲ್ಲಿ. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಕ್ಕರೆ ಕಾಯಿಲೆ, ಮೂತ್ರಪಿಂಡ ಅರ್ಧ ಕೆಟ್ಟಿದೆ, ಹಿಂಗಾಲಿನ ಕೀಲುಗಳು ಸವೆದಿವೆ, ಒಂದು ಕಣ್ಣಿಗೆ ಪೊರೆ, ಉಳಿದದ್ದು ನಾಲ್ಕು ಹಲ್ಲು ಎಂದು ಒಂದೊಂದಾಗಿ ಹೇಳಿದರು. ಹಲ್ಲಿನ ವಿಷಯ ಒಂದು ಬಿಟ್ಟರೆ ನನ್ನ ಫೈಲನ್ನೇ ಓದುತ್ತಿದ್ದಾರೇನೋ ಅನ್ನಿಸಿತು.

ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಇನ್ಸುಲಿನ್ ಚುಚ್ಚಬೇಕು. ಅದಕ್ಕಿಂತ ಮೊದಲು ಬೆಕ್ಕು ಉಂಡಿರಬೇಕು. ಉಣ್ಣದ ಬೆಕ್ಕಿಗೆ ಚುಚ್ಚಿದರೆ ಸಕ್ಕರೆ ಸರ್ರನೆ ಇಳಿದು ಜೀವವೇ ಹೋಗಬಹುದು. ಹಾಲು ಬೇಡ, ರೊಟ್ಟಿ ಬೇಡ, ಉಪ್ಪಿಲ್ಲದೆ ಬೇಯಿಸಿದ ಕೋಳಿಯನ್ನು ಹಿಚುಕಿ ಕೊಡಿ ಎಂದರು. ಹೆಂಡತಿ ಶಾಂತಾ ನನ್ನ ಮುಖ ನೋಡಿದಳು. ನಮ್ಮದು ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ಊರಿನ ಕೋಳಿ ಅಂಗಡಿಯ ಮುಂದೆ ನಾನು ನಿಂತರೆ ಮನೆ ಮುಟ್ಟುವುದರೊಳಗೆ ಓಣಿಗೆಲ್ಲ ಸುದ್ದಿಯಾಗುತ್ತದೆ. ನಾನು ಬೀಜದ ಕಂಪನಿಯಲ್ಲಿ ಮೊಳಕೆ ಪರೀಕ್ಷೆಯ ಕೆಲಸದವನು, ವಾರಕ್ಕೆರಡು ಸಲ ಬ್ಯಾಡಗಿಗೆ ಹೋಗುವುದಿರುತ್ತದೆ. ಬ್ಯಾಡಗಿಗೆ ಹೋದವರೆಲ್ಲ ಮೆಣಸಿನಕಾಯಿ ತರುತ್ತಾರೆ, ನಾನು ಕೋಳಿ ತರತೊಡಗಿದೆ. ಚೀಲದ ಮೇಲುಭಾಗದಲ್ಲಿ ಮಾತ್ರ ಮೆಣಸಿನಕಾಯಿಯೇ ಇರುತ್ತಿತ್ತು.

ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಹೂಡಿದೆವು. ಶಾಂತಾ ಮೂಗಿಗೆ ಸೆರಗು ಕಟ್ಟಿಕೊಂಡು ಬೇಯಿಸುತ್ತಿದ್ದಳು. ವಾಸನೆಗೆ ಕಾಂಪೌಂಡು ಗೋಡೆಯ ಹಂಗಿಲ್ಲ. ಪಕ್ಕದ ಮನೆಯ ಗಿರಿಜವ್ವ ಎರಡು ದಿನ ಗಟಾರದ ವಾಸನೆ ಎಂದು ಸುಮ್ಮನಿದ್ದು, ಮೂರನೆಯ ದಿನ ಗೋಡೆಯ ಮೇಲಿಂದ ಇಣುಕಿದರು. ಬೆಕ್ಕಿಗೆ ಎಂದು ಹೇಳಿದೆ. ‘ಹೌದ್ರಿ ಅಣ್ಣಾರ, ಬೆಕ್ಕಿಗೆ’ ಎಂದರು. ಆ ಮಾತನ್ನು ನಂಬಿ ಹೇಳಿದರೋ ನಂಬದೆ ಹೇಳಿದರೋ ನನಗೆ ತಿಳಿಯಲಿಲ್ಲ.

ಚೆನ್ನವ್ವ ಕೋಳಿಯನ್ನು ಮೂಸಿ ಮುಖ ತಿರುಗಿಸುತ್ತಿತ್ತು. ಹದಿನಾರು ವರ್ಷ ಹಾಲು ರೊಟ್ಟಿ ತಿಂದು ನಮ್ಮ ಮನೆತನವನ್ನು ನಮಗಿಂತ ಚೆನ್ನಾಗಿ ಉಳಿಸಿಕೊಂಡ ಜೀವ ಅದು. ನಾನು ಮೊಣಕಾಲೂರಿ ಚೆನ್ನವ್ವಾ, ತಾಯಿ, ಒಂದು ತುತ್ತು ಎಂದು ಗೋಗರೆಯುವಾಗ ಶಾಂತಾ ಬಾಗಿಲಲ್ಲಿ ನಿಂತು, ಮೂವತ್ತು ವರ್ಷದಲ್ಲಿ ತನ್ನನ್ನು ಒಮ್ಮೆಯಾದರೂ ಉಂಡೆಯೋ ಇಲ್ಲವೋ ಎಂದು ಕೇಳಿದ್ದು ನೆನಪಿದೆಯೇ ಎಂದು ಕೇಳುತ್ತಿದ್ದಳು. ನೆನಪಿರಲಿಲ್ಲ. ಹೇಗೋ ನಾಲ್ಕು ತುತ್ತು ಒಳಗೆ ಹೋದ ಮೇಲೆ ಶಾಂತಾ ಸೂಜಿ ಚುಚ್ಚುತ್ತಿದ್ದಳು. ನನಗೆ ಸೂಜಿ ಕಂಡರೆ ತಲೆ ತಿರುಗುತ್ತದೆ.

ಇಲ್ಲಿ ನನ್ನ ಪೇಢೆಯ ವಿಷಯ ಹೇಳಬೇಕು. ನಮ್ಮ ಕಂಪನಿಯಲ್ಲಿ ಯಾರಿಗಾದರೂ ಮಗು ಹುಟ್ಟಿತು, ಬಡ್ತಿ ಬಂತು, ಹೊಸ ಗಾಡಿ ಬಂತು ಎಂದು ಪೇಢೆ ಹಂಚುವುದು ನಿಲ್ಲುವುದೇ ಇಲ್ಲ. ಯಾರೂ ಹಂಚದ ದಿನ ಬಸ್ ನಿಲ್ದಾಣದ ಪಕ್ಕದಲ್ಲಿ ಅಂಗಡಿಯಿದೆ. ಅದನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು, ಕೈಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಚೆನ್ನವ್ವ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತು ನೋಡುತ್ತಿತ್ತು. ನೋಡುವವರಿಗೆ ಕೊಡದೆ ತಿಂದರೆ ದೃಷ್ಟಿಯಾಗಿ ಹೊಟ್ಟೆನೋವು ಬರುತ್ತದೆ ಎಂದು ನಮ್ಮವ್ವ ಚಿಕ್ಕಂದಿನಲ್ಲೇ ಕಲಿಸಿದ್ದಾಳೆ. ಅದಕ್ಕೇ ತಿನ್ನುವ ಮೊದಲು ಒಂದು ಚೂರು ಮುರಿದು ಅದರ ಮುಂದಿಡುತ್ತಿದ್ದೆ. ಖೋವೆಯ ರುಚಿಗೆ ಅದು ಕಲ್ಲನ್ನೂ ನೆಕ್ಕುತ್ತಿತ್ತು. ಅದು ದೃಷ್ಟಿ ತೆಗೆದದ್ದು, ಬೆಕ್ಕಿಗೆ ಉಣಿಸಿದ್ದಲ್ಲ ಎಂದು ನಾನು ಪ್ರಾಮಾಣಿಕವಾಗಿ ತಿಳಿದಿದ್ದೆ. ದಿನಕ್ಕೊಂದು ಚೂರು ಎಂಬುದು ಯಾವಾಗ ಅರ್ಧ ಪೇಢೆಯಾಯಿತೋ ನನಗೇ ಗೊತ್ತಿಲ್ಲ.

ಹಾವೇರಿಗೆ ಹೋದಾಗಲೆಲ್ಲ ಸಕ್ಕರೆ ಏರಿಯೇ ಇರುತ್ತಿತ್ತು. ಹೊರಗೆ ಏನಾದರೂ ತಿನ್ನುತ್ತಿದೆಯೇ ಎಂದು ಡಾಕ್ಟರು ಕೇಳಿದರು. ಪಕ್ಕದ ಮನೆಯವರು ಹಾಲು ಹಾಕುತ್ತಿರಬೇಕು ಎಂದೆ. ಕೊನೆಗೆ ಡಾಕ್ಟರು ಇನ್ಸುಲಿನ್ ಹೆಚ್ಚಿಸಿದರು. ನಾನು ಊರಿಗೆ ಬಂದವನೇ ಗಿರಿಜವ್ವನ ಬಾಗಿಲಿಗೆ ಹೋಗಿ, ಕೈಮುಗಿದು, ಕಾಯಿಲೆಯ ಪ್ರಾಣಿಗೆ ಹೀಗೆಲ್ಲ ಹಾಕಬಾರದು ಎಂದು ಬುದ್ಧಿ ಹೇಳಿದೆ. ಕಾಯಿಲೆ ಗೊತ್ತಾದ ದಿನದಿಂದ ತಾನೊಂದು ಹನಿ ಹಾಲೂ ಹಾಕಿಲ್ಲ ಎಂದು ಅವರು ಹೇಳಿದರು. ನಾನು ನಂಬಲಿಲ್ಲ, ನಂಬಲಿಲ್ಲ ಎಂಬುದು ಕಾಣುವಂತೆ ನಕ್ಕು ಬಂದೆ. ಅಂದಿನಿಂದ ಅವರು ಗೋಡೆಯ ಹತ್ತಿರ ಬರುವುದನ್ನು ಬಿಟ್ಟರು.

ಅದಾಗಿ ಎಂಟು ದಿನಕ್ಕೆ ಐರಣಿಯಲ್ಲಿ ನನ್ನ ತಂಗಿಯ ಹೊಸ ಮನೆಯ ಪೂಜೆ. ಬೆಕ್ಕಿನ ಸಲುವಾಗಿ ಶಾಂತಾ ಉಳಿದಳು, ನಾನು ಎರಡು ದಿನಕ್ಕೆಂದು ಹೋದೆ. ಎರಡನೆಯ ದಿನ ಊಟಕ್ಕೆ ಕೂತು ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಾಗ ಫೋನು ಬಂತು. ಬೆಳಿಗ್ಗೆ ಸೂಜಿ ಕೊಟ್ಟ ಮೇಲೆ ಚೆನ್ನವ್ವ ತೂರಾಡಿ ಬಿದ್ದಿದೆ, ಕರೆದರೆ ಕಣ್ಣು ತೆರೆಯುತ್ತಿಲ್ಲ. ಎಲೆಯ ಮುಂದಿಂದ ಎದ್ದುಬಿಟ್ಟೆ. ಬಸ್ಸಿನಲ್ಲಿ ಕೂತಾಗ ನನ್ನ ಕೈಯಲ್ಲಿ ಇನ್ನೂ ಹೂರಣದ ವಾಸನೆಯಿತ್ತು. ಅಷ್ಟು ಹೆದರಿಕೆ ನನಗೆ ಎಂದೂ ಆಗಿರಲಿಲ್ಲ.

ಮನೆ ಮುಟ್ಟಿದಾಗ ಬೆಕ್ಕು ಗಿರಿಜವ್ವನ ತೊಡೆಯ ಮೇಲಿತ್ತು. ಶಾಂತಾಳ ಕೂಗು ಕೇಳಿ ಅವರು ಓಡಿ ಬಂದು, ಡಾಕ್ಟರು ಫೋನಿನಲ್ಲಿ ಹೇಳಿದಂತೆ ಬೆಲ್ಲದ ನೀರನ್ನು ಬೆರಳಿಂದ ಅದರ ವಸಡಿಗೆ ಸವರುತ್ತ ಕೂತಿದ್ದರು. ಬೆಕ್ಕು ಕಣ್ಣು ಬಿಟ್ಟಿತ್ತು, ಕತ್ತು ಮಾತ್ರ ನಿಲ್ಲುತ್ತಿರಲಿಲ್ಲ. ದಿನಾ ತಿನ್ನುತ್ತಿದ್ದದ್ದು ಏನೋ ಈ ಎರಡು ದಿನ ತಪ್ಪಿದೆ, ಹೆಚ್ಚಿಸಿದ ಇನ್ಸುಲಿನ್ ಅದಕ್ಕೇ ಭಾರವಾಗಿದೆ ಎಂದು ಡಾಕ್ಟರು ಹೇಳಿದರಂತೆ. ಎರಡು ದಿನ ಮನೆಯಲ್ಲಿ ಇಲ್ಲದಿದ್ದವನು ನಾನೊಬ್ಬನೇ. ಶಾಂತಾ ನನ್ನ ಕಡೆ ತಿರುಗಿದಳು. ಗಿರಿಜವ್ವನ ಎದುರಿಗೇ ಪೇಢೆ, ದೃಷ್ಟಿ, ಎಲ್ಲವನ್ನೂ ಹೇಳಿದೆ.

‘ನಿಮ್ಮ ಹೊಟ್ಟಿ ನೋಯಬಾರದಂತ ಅದರ ಜೀವಾನ ತಗೀತಿದ್ರಲ್ರಿ’ ಎಂದಳು ಶಾಂತಾ.

ಗಿರಿಜವ್ವ ಬೆಕ್ಕನ್ನು ಗೋಣಿಚೀಲದ ಮೇಲೆ ಮಲಗಿಸಿ, ಬೆರಳು ತೊಳೆದುಕೊಂಡು ಹೋದರು. ತಪ್ಪಾಯಿತು ಎಂದು ಅವರಿಗೆ ಹೇಳಬೇಕೆಂದು ಬಾಗಿಲ ತನಕ ಹಿಂದೆ ಹೋದೆ. ನಾಚಿಕೆಯಾಗಿ ಹಾಗೇ ತಿರುಗಿ ಬಂದೆ.

ಚೆನ್ನವ್ವ ಬದುಕಿತು, ಆದರೆ ಉಣ್ಣುವುದನ್ನು ಬಿಟ್ಟಿತು. ಡಾಕ್ಟರು ಇನ್ಸುಲಿನ್ ಇಳಿಸಿದರು. ಮೂತ್ರಪಿಂಡ ಮತ್ತಷ್ಟು ಕೆಟ್ಟಿದೆ, ಹೆಚ್ಚು ದಿನದ ಆಸೆ ಇಟ್ಟುಕೊಳ್ಳಬೇಡಿ, ಆದರೆ ಇರುವಷ್ಟು ದಿನ ಹೊಟ್ಟೆಗೆ ಬೀಳಲೇಬೇಕು ಎಂದರು. ಎರಡು ದಿನ ಬಟ್ಟಲು ಹಾಗೇ ಉಳಿಯಿತು, ಸೂಜಿ ಚುಚ್ಚಲೂ ಆಗಲಿಲ್ಲ. ಶಾಂತಾ ತುತ್ತು ಹಿಡಿದಳು, ನಾನು ಹಿಡಿದೆ, ಅದು ಗೋಡೆ ನೋಡುತ್ತ ಮಲಗಿತ್ತು. ಮೂರನೆಯ ದಿನ ಸಂಜೆ, ಹಿತ್ತಲಲ್ಲಿ ಅದರ ಪಕ್ಕ ನೆಲಕ್ಕೆ ಕೂತು ಹಿಂದಿನದನ್ನೆಲ್ಲ ಯೋಚಿಸುವಾಗ ಒಂದು ವಿಷಯ ಹೊಳೆಯಿತು. ಈ ಬೆಕ್ಕು ನನ್ನ ಕೈಯಿಂದ ಆಸೆಪಟ್ಟು ತಿಂದದ್ದೆಲ್ಲ ನಾನು ತಿನ್ನುವಾಗಲೇ. ತನ್ನ ಮುಂದೆ ಯಾರಾದರೂ ಉಂಡರೆ ಅದಕ್ಕೆ ಅದು ಊಟ. ಬರೀ ಬಟ್ಟಲಲ್ಲಿಟ್ಟದ್ದು ಔಷಧ.

ಕೋಳಿಯ ಬಟ್ಟಲನ್ನು ಎತ್ತಿ ನನ್ನ ಮುಂದಿಟ್ಟುಕೊಂಡೆ. ಒಂದು ಚೂರನ್ನು ಬೆರಳಲ್ಲಿ ಹಿಡಿದು ಬಾಯಿಯ ಹತ್ತಿರ ಒಯ್ದು, ಉಸಿರು ಬಿಗಿಹಿಡಿದು, ಒಳಗೆ ಹಾಕಿಕೊಳ್ಳದೆ ಖಾಲಿ ಬಾಯಲ್ಲೇ ಚಪ್ಪರಿಸಿ ಅಗಿದೆ. ಚೆನ್ನವ್ವನ ಒಳ್ಳೆಯ ಕಣ್ಣು ನನ್ನ ಕಡೆ ತಿರುಗಿತು. ಚೂರನ್ನು ಮುಂದಿಟ್ಟೆ. ಮೂಸಿತು, ತಿಂದಿತು. ಇನ್ನೊಂದು ಎತ್ತಿ ಮತ್ತೆ ಅಗಿದೆ, ಅದನ್ನೂ ತಿಂದಿತು. ನನ್ನ ಕಣ್ಣಲ್ಲಿ ನೀರು ಬಂತು.

ಆಗ ಗೋಡೆಯ ಮೇಲೆ ಗಿರಿಜವ್ವನ ಮುಖ ಕಂಡಿತು. ಬೆಕ್ಕು ಹೇಗಿದೆ ಎಂದು ಕೇಳಲು ಬಂದಿರಬೇಕು. ಅವರು ಬಟ್ಟಲನ್ನು ನೋಡಿದರು, ನನ್ನ ಬಾಯಿಯನ್ನು ನೋಡಿದರು.

‘ಉಣ್ರಿ ಅಣ್ಣಾರ, ಉಣ್ರಿ’ ಎಂದರು ಮೆಲ್ಲಗೆ. ‘ನಾ ಯಾರ ಮುಂದೂ ಹೇಳಂಗಿಲ್ಲ.’

ಇಲ್ಲ ಎನ್ನಬೇಕಾದರೆ ಅಗಿಯುವುದನ್ನು ನಿಲ್ಲಿಸಬೇಕಿತ್ತು. ಚೆನ್ನವ್ವ ಮೂರನೆಯ ತುತ್ತಿಗೆ ನನ್ನ ಬಾಯಿಯನ್ನೇ ನೋಡುತ್ತಿತ್ತು. ನಾನು ಗಿರಿಜವ್ವನಿಗೆ ಹೌದೆಂದು ತಲೆಯಾಡಿಸಿ, ಇನ್ನಷ್ಟು ಜೋರಾಗಿ ಅಗಿದೆ.