ಅಡುಗೆಮನೆ ಗೋಡೆಯ ಮೇಲಿನ ಕಾಕ್‌ಟೇಲ್

ನಮ್ಮ ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕದ ಗೋಡೆಯ ಮೇಲೆ, ಒಂದು ಸಾಲು ಕಂದು ಮಚ್ಚೆಗಳಿವೆ. ಮನೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ನಾನು ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವವನು. ಊರಿನ ಅರ್ಧ ಗೋಡೆಗಳಿಗೆ ಬಣ್ಣ ಬೆರೆಸಿಕೊಟ್ಟವನಿಗೆ ತನ್ನ ಮನೆಯ ಒಂದು ಗೋಡೆ ಸರಿಮಾಡಿಕೊಳ್ಳಲು ಆಗುವುದಿಲ್ಲವೇ ಎಂದು ಕೇಳುತ್ತಾರೆ. ಕೇಳಿದ್ದೇ ತಡ, ನನ್ನ ಹೆಂಡತಿ ಕುರ್ಚಿ ಎಳೆದುಕೊಂಡು ಕಥೆ ಶುರುಮಾಡುತ್ತಾಳೆ. ಅವಳ ಬಾಯಲ್ಲಿ ಅದು ದಿನೇ ದಿನೇ ಬೆಳೆಯುತ್ತಿದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ (ನನ್ನ ಮಾನ ಉಳಿಯುವ ಮಟ್ಟಿಗೆ) ನಾನೇ ಹೇಳಿಬಿಡುತ್ತೇನೆ.

ನಮ್ಮ ಯಜಮಾನರು ಎರಡನೆಯ ಅಂಗಡಿ ತೆರೆಯುವವರಿದ್ದರು. ಅದಕ್ಕೊಬ್ಬ ಮ್ಯಾನೇಜರ್ ಬೇಕಿತ್ತು. ಕಣದಲ್ಲಿ ಇದ್ದದ್ದು ನಾನು ಮತ್ತು ಬಿಲ್ಲಿಂಗ್ ಕೌಂಟರಿನವನು. ಅವನಿಗೆ ನಾವಿಟ್ಟ ಹೆಸರು ಥಿನ್ನರ್, ಬಣ್ಣ ತೆಳುಮಾಡಲು ಬೆರೆಸುವ ದ್ರವದ ಹೆಸರು. ಯಾರ ಜೊತೆ ಬಿಟ್ಟರೂ ಬೆರೆತುಹೋಗುತ್ತಾನೆ, ಯಜಮಾನರ ಜೊತೆಗಂತೂ ಸ್ವಲ್ಪ ಹೆಚ್ಚೇ ಬೆರೆಯುತ್ತಾನೆ. ಮ್ಯಾನೇಜರನ್ನು ಆರಿಸುವುದರಲ್ಲಿ ಯಜಮಾನರದ್ದು ವಿಚಿತ್ರ ಪದ್ಧತಿ. ಸಂದರ್ಶನ ಗಿಂದರ್ಶನ ಏನೂ ಇಲ್ಲ. ಹೆಂಡತಿಯ ಸಮೇತ ಮನೆಗೆ ಊಟಕ್ಕೆ ಬಂದುಬಿಡುತ್ತಾರೆ. "ಮನೆ ಹೇಗೆ ನಡೀತಿದೆ ಅಂತ ನೋಡಿದ್ರೆ ಸಾಕು, ಅಂಗಡಿ ಯಾರ ಕೈಗೆ ಕೊಡ್ಬೇಕು ಅಂತ ಗೊತ್ತಾಗುತ್ತೆ" ಎಂಬುದು ಅವರ ವಾದ. (ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.) ನಮ್ಮ ಸರದಿಗೆ ಮೊದಲೇ ಥಿನ್ನರ್ ಮನೆಯಲ್ಲಿ ಉಂಡು ಬಂದಿದ್ದರು. ಊಟದ ಮೇಲೆ ಐಸ್‌ಕ್ರೀಮ್ ಕೊಟ್ಟನಂತೆ, ಅದೂ ಎರಡು ಬಣ್ಣದ್ದು.

ನನಗೆ ಆ ಮ್ಯಾನೇಜರ್ ಕುರ್ಚಿ ಬೇಕೇ ಬೇಕಿತ್ತು. ದಿನವಿಡೀ ನಿಂತು ನಿಂತು ನನ್ನ ಕಾಲು ಬಾತಿರುತ್ತದೆ. ಉಗುರಿನ ಸಂದಿಯ ಬಣ್ಣ ಏನು ಉಜ್ಜಿದರೂ ಹೋಗುವುದಿಲ್ಲ, ನಾಲ್ಕು ಜನರ ಮುಂದೆ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಮಾತಾಡುತ್ತೇನೆ. ಗಾಜಿನ ಕೋಣೆಯಲ್ಲಿ ಕೂತು, ಬಿಳಿ ಅಂಗಿ ತೊಟ್ಟು, ಇನ್ನೊಬ್ಬರಿಗೆ "ಬೇಗ ಬೆರೆಸ್ರಯ್ಯ" ಎನ್ನುವ ಭಾಗ್ಯ ನನಗೂ ಒಮ್ಮೆ ಬರಬೇಡವೇ?

ಐಸ್‌ಕ್ರೀಮನ್ನು ಸೋಲಿಸಲು ನನಗೊಂದು ದಿವ್ಯ ಉಪಾಯ ಹೊಳೆಯಿತು. ಹಿಂದೊಮ್ಮೆ ಯಜಮಾನರು ನಮ್ಮನ್ನೆಲ್ಲ ದೊಡ್ಡ ಹೋಟೆಲಿಗೆ ಕರೆದೊಯ್ದಿದ್ದಾಗ, ಊಟದ ನಂತರ ಪುಟ್ಟ ಗ್ಲಾಸಿನಲ್ಲಿ ಕೆನೆಗಟ್ಟಿದ ಒಂದು ಕಾಕ್‌ಟೇಲ್ ಬಂದಿತ್ತು. ಯಜಮಾನರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದವರು ಬಿಲ್ಲು ಬಂದ ಮೇಲೆಯೇ ತೆರೆದದ್ದು. ಏನೇನು ಹಾಕಿದ್ದೀರಿ ಎಂದು ವೇಟರನ್ನು ಕೇಳಿದ್ದೆ. ಬ್ರಾಂಡಿ, ಚಾಕೊಲೇಟ್ ಮದ್ಯ, ಕ್ರೀಮ್, ಮೇಲೆ ಚಿಟಿಕೆ ಜಾಯಿಕಾಯಿ ಪುಡಿ. ಎಷ್ಟೆಷ್ಟು ಎಂದು ಮಾತ್ರ ಕೇಳಲಿಲ್ಲ. ಒಂದು ಬಣ್ಣವನ್ನು ಒಮ್ಮೆ ನೋಡಿದರೆ ಸಾಕು, ಅದನ್ನು ಹಾಗೇ ಬೆರೆಸಿ ತೋರಿಸುವ ಗಂಡಸು ನಾನು. ಪ್ರಮಾಣ ಕೇಳುವುದು ನನ್ನ ವೃತ್ತಿಗೇ ಅವಮಾನ.

"ಊಟಕ್ಕೆ ನಾನು ಎಲ್ಲಾ ಮಾಡ್ತೀನಿ. ಕೊನೇಲಿ ಹಣ್ಣು ಹೆಚ್ಚಿಟ್ರೆ ಮುಗೀತು. ನೀವು ಸುಮ್ನೆ ಇದ್ರೆ ಅದೇ ದೊಡ್ಡ ಉಪಕಾರ" ಎಂದಳು ಹೆಂಡತಿ.

"ನೀನು ಹಣ್ಣು ಹೆಚ್ಚಿಕೊಂಡು ಇಲ್ಲೇ ಇರು. ನಾನು ಮ್ಯಾನೇಜರ್ ಆಗ್ತೀನಿ" ಎಂದೆ.

ಅವರು ಬರುವ ದಿನ ಸಾಮಾನೆಲ್ಲ ತಂದು ಅವಳ ಕೈಗೆ ಕೊಟ್ಟೆ. ಸಂಜೆ ಅಡುಗೆಮನೆಯಲ್ಲಿ ನನ್ನ ಸಂಶೋಧನೆ ಆರಂಭವಾಯಿತು. ಮೊದಲ ಗ್ಲಾಸು ತೀರಾ ಬೆಳ್ಳಗಾಯಿತು. ಚಾಕೊಲೇಟ್ ಮದ್ಯ ಸುರಿದೆ. ತೀರಾ ಕಂದಾಯಿತು. ಕ್ರೀಮ್ ಸುರಿದೆ. ಬಿಳಿಗೆ ಕಂದು, ಕಂದಿಗೆ ಬಿಳಿ ಎಂದು ಸುರಿಯುತ್ತಾ ಸುರಿಯುತ್ತಾ ಗ್ಲಾಸು ಹೋಗಿ ಪಾತ್ರೆ ಬಂತು, ಪಾತ್ರೆ ಹೋಗಿ ಬಕೆಟ್ ಬಂತು. (ಬಣ್ಣ ಬೆರೆಸುವವರಿಗೆಲ್ಲ ಈ ಗ್ರಹಚಾರ ಗೊತ್ತು.) ಹಸಿ ಬಣ್ಣವನ್ನು ನಂಬಬಾರದೆಂಬುದು ನಮ್ಮ ಕಸುಬಿನ ಮೊದಲ ಪಾಠ. ಆದ್ದರಿಂದ ಪ್ರತಿ ಸಲವೂ ಒಂದು ಬೊಟ್ಟು ತೆಗೆದು ಗೋಡೆಗೆ ಬಳಿದು, ಅವಳ ಕೂದಲು ಒಣಗಿಸುವ ಯಂತ್ರ ತಂದು ಗಾಳಿ ಹಿಡಿದೆ.

ಹೆಂಡತಿ ಸೌಟು ಹಿಡಿದುಕೊಂಡೇ ನಿಂತು ನೋಡಿದಳು. "ಏನ್ರೀ ಮಾಡ್ತಿದ್ದೀರಿ?"

"ಒಣಗಿದ ಮೇಲೆ ಯಾವ ಶೇಡ್ ಬರುತ್ತೆ ಅಂತ ನೋಡ್ತಿದ್ದೀನಿ."

"ನಿಮ್ಮ ಯಜಮಾನ್ರು ಅದನ್ನ ಒಣಗಿಸ್ಕೊಂಡು ಕುಡೀತಾರಾ?"

ನಾನು ಯಂತ್ರದ ಗಾಳಿಯನ್ನು ಇನ್ನಷ್ಟು ಜೋರು ಮಾಡಿದೆ.

"ಹೋಗ್ಲಿ, ರುಚಿಯಾದ್ರೂ ನೋಡಿದ್ರಾ?"

"ಇಷ್ಟು ವರ್ಷ ಬಣ್ಣ ಬೆರೆಸಿದ್ದೀನಿ ಕಣೇ. ಒಂದು ಸಲನಾದ್ರೂ ನೆಕ್ಕಿ ನೋಡಿದ್ದೀನಾ?"

ಅವಳು ಹಣೆ ಚಚ್ಚಿಕೊಂಡು ಒಲೆಯ ಕಡೆ ತಿರುಗಿದಳು. ನನಗೂ ಮೈಯೆಲ್ಲ ಉರಿಯುತ್ತಿತ್ತು. ಒಬ್ಬ ಕಲಾವಿದನ ಬೆನ್ನ ಹಿಂದೆ ಹೀಗೆ ಸೌಟು ಹಿಡಿದು ನಿಂತರೆ ಅವನು ಕೆಲಸ ಮಾಡುವುದು ಹೇಗೆ?

ಗೋಡೆಯ ಕೊನೆಯ ಬೊಟ್ಟು ಬಹುಪಾಲು ಸರಿಯಾಗಿತ್ತು. ಆದರೆ ಹೋಟೆಲಿನ ಬಣ್ಣದಲ್ಲಿದ್ದ ಒಂದು ಬೆಚ್ಚನೆಯ ಹೊಳಪು ಇರಲಿಲ್ಲ. ಅಂಗಡಿಯಲ್ಲಾದರೆ ಇಂಥ ಹೊತ್ತಿನಲ್ಲಿ ಒಂದು ತೊಟ್ಟು ಕಿತ್ತಳೆ ಬಣ್ಣ ಬಿಡುತ್ತೇವೆ. ಹಣ್ಣಿನ ಬುಟ್ಟಿಯಲ್ಲಿ ಕಿತ್ತಳೆ ಇತ್ತು. ಹಿಂಡಿದೆ. ಹಿಂಡಿದ್ದೇ ಹಿಂಡಿದ್ದು, ಬಕೆಟ್ಟಿನಲ್ಲಿದ್ದ ಅಷ್ಟೂ ಕ್ರೀಮ್ ನನ್ನ ಕಣ್ಣೆದುರೇ ಒಡೆದು ಗಂಟುಗಂಟಾಯಿತು. ಗಂಟಾದ ಬಣ್ಣವನ್ನು ನಾವು ಬಟ್ಟೆಯಲ್ಲಿ ಸೋಸುತ್ತೇವೆ. ಕೈಗೆ ಸಿಕ್ಕಿದ ಬಟ್ಟೆ ಹೆಂಡತಿಯ ಹೊಸ ದುಪಟ್ಟಾ. ಸೋಸಿದ್ದರಲ್ಲಿ ಒಂದಷ್ಟನ್ನು ಸ್ಟೀಲ್ ಡಬ್ಬಿಗೆ ತುಂಬಿ, ಅಂಗಡಿಯ ಯಂತ್ರ ಕುಲುಕುವ ಹಾಗೆ ಎರಡೂ ಕೈಯಲ್ಲಿ ಕುಲುಕಿದೆ. ಮುಚ್ಚಳ ಹಾರಿ ಫ್ಯಾನಿಗೆ ಬಡಿಯಿತು, ಒಳಗಿದ್ದದ್ದು ಸೂರಿಗೂ ನನಗೂ ಸಮನಾಗಿ ಹಂಚಿಹೋಯಿತು. ಅದೇ ಹೊತ್ತಿಗೆ ಬಾಗಿಲ ಗಂಟೆ ಹೊಡೆಯಿತು.

"ಅಂಗಿ ಬದಲಾಯಿಸ್ಕೊಂಡು ಬನ್ನಿ. ಬಕೆಟ್ ಬಾಗಿಲ ಹಿಂದೆ ಇಡಿ. ಊಟ ಮುಗಿಯೋವರೆಗೂ ಅಡುಗೆಮನೆಗೆ ಕಾಲಿಟ್ರೆ ನೋಡಿ" ಎಂದಳು. ಮೂರಕ್ಕೂ ನಾನು ಬಾಯಿಮುಚ್ಚಿಕೊಂಡು ಒಪ್ಪಿದೆ.

ಊಟ ಚೆನ್ನಾಗಿ ಸಾಗಿತು. ನಾನು ಮಾತ್ರ ಅಡುಗೆಮನೆಯ ಬಾಗಿಲನ್ನೇ ನೋಡುತ್ತಾ ಉಂಡೆ. ಅಂಗಡಿಯಲ್ಲಿ ಎಲ್ಲರೆದುರು ಕೊಚ್ಚಿಕೊಂಡುಬಿಟ್ಟಿದ್ದೆ. ಕೈ ತೊಳೆದ ಯಜಮಾನರು ನೆನಪಿಟ್ಟುಕೊಂಡೇ ಕೇಳಿದರು, "ಕೊನೇಲಿ ಏನೋ ವಿಶೇಷ ಇದೆ ಅಂದಿದ್ರಲ್ಲ?"

ನನ್ನ ಮುಂದೆ ಗಾಜಿನ ಕೋಣೆ ನುಚ್ಚುನೂರಾಯಿತು. ನಿಜ ಹೇಳುತ್ತೇನೆ, ಅಳು ಬಂತು. ಹೆಂಡತಿ ಸದ್ದಿಲ್ಲದೆ ಎದ್ದು ಒಳಗೆ ಹೋಗಿ ಒಂದು ತಟ್ಟೆಯಲ್ಲಿ ನಾಲ್ಕು ಪುಟ್ಟ ಗ್ಲಾಸು ತಂದಳು. ಅದೇ ಬಣ್ಣ, ಅದೇ ಕೆನೆ, ಮೇಲೆ ಜಾಯಿಕಾಯಿ ಪುಡಿ. ಯಜಮಾನರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಅವರ ಹೆಂಡತಿಯೂ ಮುಚ್ಚಿದರು. ಆ ಕ್ಷಣದಲ್ಲಿ ನಾನು ಹೆಂಡತಿಯ ಕಾಲಿಗೆ ಬೀಳಬೇಕಿತ್ತು. ಬೀಳುವ ಬದಲು ಎದೆ ಉಬ್ಬಿಸಿ, "ಶೇಡ್ ನೋಡಿ ಸಾರ್. ಸಂಜೆಯಿಂದ ನಾನೇ ಕೂತು ಬೆರೆಸಿದ್ದು" ಎಂದುಬಿಟ್ಟೆ.

"ಇನ್ನೂ ಒಂಚೂರು ಇದೆಯಾ?" ಎನ್ನುತ್ತಾ ಯಜಮಾನರು ಗ್ಲಾಸು ಹಿಡಿದು ನೆಟ್ಟಗೆ ಅಡುಗೆಮನೆಗೇ ನಡೆದರು. ಗೋಡೆಯ ಮುಂದೆ ನಿಂತರು. ಅವರೂ ಬಣ್ಣದವರೇ ತಾನೇ, ಬೊಟ್ಟನ್ನು ಉಗುರಿನಿಂದ ಕೆರೆದು, ಮೂಸಿ, ಬಾಗಿಲ ಹಿಂದಿನ ಬಕೆಟ್ಟನ್ನೂ ಎಳೆದು ನೋಡಿದರು.

"ಇದೇನಮ್ಮ ಇದು?" ಎಂದು ನನ್ನ ಹೆಂಡತಿಯನ್ನು ಕೇಳಿದರು. ನಾನು ಅವರ ಬೆನ್ನ ಹಿಂದೆ ನಿಂತು ಅವಳಿಗೆ ಕಣ್ಣಿನಲ್ಲೇ ಅಂಗಲಾಚಿದೆ.

"ಬಕೆಟ್ಟಲ್ಲಿರೋದು ಇವರು ಬೆರೆಸಿದ್ದು ಸಾರ್. ಗ್ಲಾಸಲ್ಲಿರೋದು ನಾನು ಬೆರೆಸಿದ್ದು. ಬ್ರಾಂಡಿ, ಚಾಕೊಲೇಟ್ ಮದ್ಯ, ಕ್ರೀಮ್ ಮೂರೂ ಸಮಸಮ ಹಾಕಿ, ಒಂದು ಚಮಚ ರುಚಿ ನೋಡಿದೆ, ಅಷ್ಟೇ."

"ಅಷ್ಟು ಹಾಳು ಮಾಡಿದ ಮೇಲೂ ನಿಮಗೆ ಕ್ರೀಮ್ ಎಲ್ಲಿತ್ತು?"

"ಇವರು ತಂದುಕೊಟ್ಟ ತಕ್ಷಣ ಎಲ್ಲದರಲ್ಲೂ ಒಂದಷ್ಟು ತೆಗೆದು ತರಕಾರಿ ಕೆಳಗೆ ಮುಚ್ಚಿಟ್ಟಿದ್ದೆ. ಇವರ ಕೈಗೆ ನಾನು ಯಾವತ್ತೂ ಪೂರ್ತಿ ಸಾಮಾನು ಕೊಡಲ್ಲ ಸಾರ್."

ಯಜಮಾನರು ಅವಳನ್ನೊಮ್ಮೆ ನೋಡಿದರು, ತಮ್ಮ ಹೆಂಡತಿಯನ್ನೊಮ್ಮೆ ನೋಡಿದರು, ಇನ್ನೊಂದು ಗ್ಲಾಸು ಕುಡಿದು ಹೊರಟುಹೋದರು.

ನನ್ನ ಕಥೆ ಮುಗಿಯಿತೆಂದುಕೊಂಡೆ. ಆದರೆ ಆ ವಾರದಲ್ಲೇ ಅವರು ನನ್ನನ್ನು ಕರೆದು ನಗುತ್ತಾ ಕೈ ಕುಲುಕಿದರು. "ಹೊಸ ಅಂಗಡಿ ನಿಮ್ಮ ಮನೆಗೇ ಬಂತು. ಮನೆಯವರಿಗೆ ಒಪ್ಪಿಗೆನಾ ಕೇಳಿ."

ಕಣ್ಣು ತುಂಬಿ ಬಂತು. "ಅವಳದೇನು ಸಾರ್, ನಾನು ಮ್ಯಾನೇಜರ್ ಆದ್ರೆ ಅವಳು ಬೇಡ ಅಂತಾಳಾ?"

"ನೀವಲ್ಲ" ಎಂದರು ಯಜಮಾನರು ತಣ್ಣಗೆ. "ಮನೆ ಯಾರು ನಡೆಸ್ತಾರೆ ಅಂತ ನೋಡೋಕೆ ತಾನೇ ನಾನು ಬಂದಿದ್ದು? ಆಯಮ್ಮನ್ನ ಕೇಳಿ."

ಕೇಳಿದೆ. ಕೇಳಿ ಮುಗಿಸುವ ಮೊದಲೇ ಒಪ್ಪಿದಳು. ಈಗ ಆ ಗಾಜಿನ ಕೋಣೆಯಲ್ಲಿ, ಆ ತಿರುಗುವ ಕುರ್ಚಿಯಲ್ಲಿ ಅವಳು ಕೂರುತ್ತಾಳೆ. ಬಣ್ಣ ಬೆರೆಸುವವನೊಬ್ಬ ಬೇಕೆಂದು ನನ್ನನ್ನೂ ಅಲ್ಲಿಗೇ ಹಾಕಿಸಿಕೊಂಡಿದ್ದಾಳೆ. ನನಗೆ ಟಿನ್ನುಗಳನ್ನು ಒಂದೊಂದಾಗಿಯೇ ಕೊಡಬೇಕೆಂದು ಗೋದಾಮಿಗೆ ಆಜ್ಞೆಯಾಗಿದೆ. ಥಿನ್ನರ್ ದಿನಕ್ಕೊಮ್ಮೆ ಹಳೆಯ ಅಂಗಡಿಯಿಂದ ಫೋನ್ ಮಾಡಿ ನನ್ನ ಕ್ಷೇಮ ವಿಚಾರಿಸುತ್ತಾನೆ.

ಇನ್ನು ಅಡುಗೆಮನೆಯ ಗೋಡೆಯ ವಿಚಾರ. ಅದಕ್ಕೆ ಎರಡು ಕೋಟು ಬಣ್ಣ ಬಳಿಯಬೇಕೆಂದು ಒಂದು ದಿನದ ರಜೆಗೆ ಕೈಕಟ್ಟಿ ನಿಂತು ಕೇಳಿದೆ. ಮ್ಯಾನೇಜರ್ ಮೇಡಂ ತಲೆಯೆತ್ತದೆ ಹೇಳಿದರು, "ಸ್ವಂತ ಕೆಲಸಕ್ಕೆ ರಜೆ ಇಲ್ಲ. ಹೋಗಿ ಬಣ್ಣ ಬೆರೆಸಿ."