ಚೆನ್ನಯ್ಯನೆಂಬ ಎಂಜೈಮು

ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ಆ ಪದ ಚೆನ್ನಯ್ಯನ ಕಿವಿಗೆ ಹದಿನೇಳನೆಯ ಸಲ ಬಿತ್ತು.

"ಅದೇನವ್ವ ಅದು, ಬೆಳಗ್ಗಿಂದ ಒಂದೇ ಸಮ ಅಗೀತಿದ್ದೀಯ?"

"ರಿಸ್ಟ್ರಿಕ್ಷನ್ ಎಂಡೋನ್ಯೂಕ್ಲಿಯೇಸ್ ಕಣಪ್ಪ. ಇವತ್ತು ಕಾಲೇಜಲ್ಲಿ ಎಲ್ಲಾರ ಮುಂದೆ ನಿಂತ್ಕಂಡು ನಾನೇ ಯೋಳ್ಬೇಕು," ಎಂದಳು ಮಗಳು ರಮ್ಯ. ಅವಳದು ಪಿ.ಯು.ಸಿ. ಎರಡನೆಯ ವರ್ಷ.

"ಅಂಗಂದ್ರೆ?"

"ಅದೊಂದು ಎಂಜೈಮು. ಡಿಎನ್ಎ ಅಂತ ಉದ್ದುಕೆ ದಾರ ಇರ್ತದಲ್ಲ, ಅದ ಕತ್ತರ್ಸ ಕತ್ರಿ. ಸಿಕ್ಕಸಿಕ್ಕ ಕಡೆ ಕತ್ತರ್ಸಲ್ಲ. ದಾರದ ಮೇಲಿರ ಅಕ್ಸರ ಓದ್ಕಂಡು ಓಯ್ತದೆ. ತನ್ನ ಗುರ್ತು ಸಿಕ್ಕುದ್ ಕಡೆ ಕಚಕ್! ಆ ಗುರ್ತ ಈ ತುದಿಯಿಂದ ಓದುದ್ರೂ ಆ ತುದಿಯಿಂದ ಓದುದ್ರೂ ಒಂದೇಯ."

ಚೆನ್ನಯ್ಯ ಲೋಟ ಕುಕ್ಕಿದ. ಕೊಳ್ಳೇಗಾಲದ ರೇಷ್ಮೆ ನೇಕಾರ ಅವನು. ಹಿಂದಿನ ದಿನ ಮಗ್ಗದಿಂದ ಇಳಿಸಿದ ಎರಡು ಸೀರೆ ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಕತ್ತರಿಸಬೇಕಾದ ಕಡೆ ಗುರುತು: ಕೆಂಪು ಗೆರೆ, ಬಿಳಿ, ಬಿಳಿ, ಕೆಂಪು. ಯಾವ ಕಡೆಯಿಂದ ನೋಡಿದರೂ ಅದೇ.

"ಥೂ, ಇಷ್ಟೇನಾ! ಮೂವತ್ತು ವರ್ಸದಿಂದ ನಾನ್ ಮಾಡ್ತಿರದು ಇದೇಯ. ನಾನೇ ಎಂಜೈಮು! ನಡಿ, ನಿಮ್ ಮೇಷ್ಟ್ರುಗೆ ತೋರುಸ್ತೀನಿ."

"ಅದ್ರಲ್ಲಿ ಒಂದು ಶಿವರತ್ನಮ್ಮನ ಮಗಳ ಧಾರೆ ಸೀರೆ ಕಣಿ," ಎಂದು ಹೆಂಡತಿ ಚಿಕ್ಕತಾಯಮ್ಮ ಒಳಗಿನಿಂದಲೇ ಕೂಗಿದಳು. "ಸಂಜೆ ಯಳಂದೂರು ಬಸ್ಸಲ್ಲಿ ಬಂದು ತಕಂಡೋಯ್ತೀನಿ ಅಂದವ್ರೆ. ಏನಾರ ಆದ್ರೆ ನಿಮ್ ಚರ್ಮ ಸುಲೀತರೆ."

ಗಿಳಿಹಸಿರಿನ ಆ ಧಾರೆ ಸೀರೆ ಮಗ್ಗದ ಮೇಲಿದ್ದಷ್ಟು ದಿನವೂ ಚಿಕ್ಕತಾಯಮ್ಮ ಮುಟ್ಟಿ ಮುಟ್ಟಿ ನೋಡಿದ್ದಳು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಗಂಡ ನೇಯ್ದ ಒಂದು ಸೀರೆಯನ್ನೂ ಉಟ್ಟವಳಲ್ಲ. ಕೇಳಿದಾಗಲೆಲ್ಲ ಚೆನ್ನಯ್ಯ, "ಮುಂದಿನ ಸೀರೆ ನಿಂದೇಯ," ಎನ್ನುತ್ತಿದ್ದ.

"ಅಲ್ಲ ಕಣವ್ವ, ಆ ಕತ್ರಿ ತನ್ನ ಮನೆ ದಾರನೂ ಕತ್ತರ್ಸಾಕ್ಬುಡಲ್ವ?" ಎಂದು ಚಿಕ್ಕತಾಯಮ್ಮ ಮಗಳನ್ನು ಕೇಳಿದಳು.

"ಇಲ್ಲ ಕಣವ್ವ. ಬ್ಯಾಕ್ಟೀರಿಯಾ ತನ್ನ ದಾರಕ್ಕೆ ಮೊದ್ಲೇ ಒಂದು ಚುಕ್ಕೆ ಮಡಗಿರ್ತದೆ. ಹೊಸ ಬಟ್ಟೆಗೆ ನಾವು ಅರಿಶಿನ ಇಕ್ತೀವಲ್ಲ, ಅಂಗೆ. ಚುಕ್ಕೆ ಇದ್ರೆ ಕತ್ರಿ ಮುಟ್ಟಲ್ಲ. ಹೊರಗಿಂದ ನುಗ್ಗಿದ ವೈರಸ್ ದಾರಕ್ಕೆ ಚುಕ್ಕೆ ಇರಲ್ಲ, ಅದು ತುಂಡುತುಂಡು."

"ಓ," ಎಂದಳು ಚಿಕ್ಕತಾಯಮ್ಮ. ಆಮೇಲೆ ಸೀರೆಗಳನ್ನು ತಾನೇ ಒಳಗೆ ಒಯ್ದು, ಮಡಿಸಿ, ಗಂಟು ಕಟ್ಟಿ ತಂದುಕೊಟ್ಟಳು.

ಪಕ್ಕದ ಮನೆ ಜಗಲಿಯಿಂದ ದೊಡ್ಡಬಸಮ್ಮ ತಡೆದಳು. "ಎಲ್ಲಿಗ್ಲಾ ಚೆನ್ನ, ಕತ್ರಿ ಇಡ್ಕಂಡು?"

"ಕಾಲೇಜ್ಗೆ ಕಣಕ್ಕ, ಪಾಠ ಮಾಡಾಕೆ."

"ಏಳ್ನೇ ಕ್ಲಾಸಲ್ಲಿ ಮೂರು ಸಲ ಡುಮ್ಕಿ ಹೊಡ್ದೋನು!"

"ಅಷ್ಟು ಸಲ ಓದುದ್ಕೇ ಗಟ್ಟಿಯಾಗಿರದು!" ಎಂದು ಚೆನ್ನಯ್ಯ ನಡೆದೇಬಿಟ್ಟ.

ಕಾಲೇಜಿನಲ್ಲಿ ಸೀರೆ ಬಿಚ್ಚಿದರೆ ಕೊಠಡಿ ಸಾಲದೆ ಒಂದು ತುದಿ ವರಾಂಡಕ್ಕೆ ಹೋಯಿತು. ರಮ್ಯ ಪಾಠ ಹೇಳುತ್ತ ಹೋದಳು. ಅಪ್ಪ ಕತ್ತರಿ ಆಡಿಸುತ್ತ ಸೀರೆಯ ಉದ್ದಕ್ಕೂ ನಡೆದ. ಕೆಂಪು, ಬಿಳಿ, ಬಿಳಿ, ಕೆಂಪು. ಕಚಕ್! ಎರಡು ಸೀರೆ ಬೇರೆಯಾದವು. ಚಪ್ಪಾಳೆ ಬಿತ್ತು. ಚೆನ್ನಯ್ಯನಿಗೆ ಅದು ಹೆಂಡಕ್ಕಿಂತ ಬೇಗ ಏರಿತು.

"ಇನ್ನೆಲ್ಲಾದ್ರೂ ಈ ಗುರ್ತು ಅದಾ, ನೋಡ್ರಪ್ಪ?"

"ಇಲ್ಲಿ ಅದೆ ಸಾ!" ಎಂದ ಹಿಂದಿನ ಬೆಂಚಿನ ನಿಂಗರಾಜು.

ಇತ್ತು. ಧಾರೆ ಸೀರೆಯ ಸೆರಗಿಗೂ ಅವೇ ನಾಲ್ಕು ಗೆರೆ ಬೇಕೆಂದು ಶಿವರತ್ನಮ್ಮನೇ ಹಟ ಹಿಡಿದು ಹಾಕಿಸಿದ್ದಳು. ಚೆನ್ನಯ್ಯನ ಕಣ್ಣು ಹುಡುಗರ ಮೇಲಿತ್ತು, ಕೈ ತನ್ನ ಪಾಡಿಗೆ ತಾನು ಹೋಯಿತು. ಕತ್ತರಿ ಸೆರಗಿನ ಮೇಲೆ ಮೊಸಳೆಯಂತೆ ಬಾಯಿ ತೆರೆಯಿತು.

"ಅಪ್ಪಾ! ಅರಿಶಿನ!" ಎಂದು ರಮ್ಯ ಕಿರುಚಿದಳು.

ಕೈ ನಿಂತಿತು. ಬಿಳಿ ಗೆರೆಯ ಮೇಲೆ ಬೆರಳ ತುದಿಯಷ್ಟು ಅರಿಶಿನ. ಚೆನ್ನಯ್ಯ ಕತ್ತರಿಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದ.

ಜೀವಶಾಸ್ತ್ರದ ಲೆಕ್ಚರರ್ ಶಿವಶಂಕರ ಕುರ್ಚಿಯಿಂದ ಎದ್ದೇಬಿಟ್ಟರು. "ನೋಡ್ರಪ್ಪಾ! ಗುರುತು ಅದೇ, ಆದ್ರೆ ಕಾಪಾಡೋ ಚುಕ್ಕೆ ಇದೆ, ಕತ್ತರಿ ನಿಂತುಬಿಡ್ತು! ನನಗೇ ಇದು ಹೊಳೆದಿರಲಿಲ್ಲ. ಈ ಅರಿಶಿನ ಯಾರು ಇಟ್ಟಿದ್ದು?"

ಯಾರು ಇಟ್ಟರೋ ಚೆನ್ನಯ್ಯನಿಗೇನು ಗೊತ್ತು? ಆದರೆ ಅಷ್ಟು ಕಣ್ಣು ತನ್ನನ್ನೇ ನೋಡುವಾಗ ಗೊತ್ತಿಲ್ಲ ಎನ್ನುವ ಗಂಡಸು ಈ ತಾಲ್ಲೂಕಿನಲ್ಲಿ ಹುಟ್ಟಿಲ್ಲ.

"ನಾನೇ ಸಾ," ಎಂದ.

ಬರುವಾಗ ಕ್ಷೌರದಂಗಡಿಯಲ್ಲಿ ಹೇಳಿದ, ಸೈಕಲ್ ಶಾಪಿನಲ್ಲಿ ಹೇಳಿದ, ದೊಡ್ಡಬಸಮ್ಮನ ಜಗಲಿಯಲ್ಲಿ ಕೂತು ಎರಡೆರಡು ಸಲ ಹೇಳಿದ. "ನಾನೇ ಕಣಕ್ಕ, ಈ ಕೈಯಾರೆ ಅರಿಶಿನ ಇಕ್ದೆ!" ದೊಡ್ಡಬಸಮ್ಮ ಯಳಂದೂರು ಬಸ್ಸಿನ ಹೊತ್ತಿಗೆ ಸರಿಯಾಗಿ ಸ್ಟ್ಯಾಂಡಿಗೆ ಹೋಗಿ ನಿಂತಳು.

ಶಿವರತ್ನಮ್ಮ ಬಂದದ್ದು ಬಿರುಗಾಳಿಯಂತೆ. "ಧಾರೆ ಸೀರೆಗೆ ಅರಿಶಿನ ಇಕ್ಕದು ನಾವು ಕಣಯ್ಯ, ದೇವ್ರ ಮುಂದೆ ಮಡಗಿ! ನೀನು ಯಾರ್ಗೋ ಅಂತ ಅರಿಶಿನ ಇಕ್ಕಿರ ಸೀರೆಯ ನನ್ ಮಗಳು ಉಟ್ಕಂಡು ಹಸೆ ಮೇಲೆ ಕೂತ್ಕಬೇಕಾ?"

"ನಾನಿಕ್ಕಿಲ್ಲ ಕಣವ್ವ!"

"ಊರ್ಗೆಲ್ಲ ನಾನೇ ಇಕ್ದೆ ಅಂತ ಸಾರ್ಕಂಡು ಬಂದೋನು ಯಾರ್ಲಾ?" ಎಂದಳು ಬೆನ್ನಿಗೇ ಬಂದಿದ್ದ ದೊಡ್ಡಬಸಮ್ಮ.

"ಮದ್ವೆಗೆ ಹದಿನೈದು ದಿನ ಅದೆ," ಎಂದಳು ಶಿವರತ್ನಮ್ಮ. "ಇಂಥದೇ ಇನ್ನೊಂದ ನೇದ್ಕೊಡು. ಇಲ್ದಿದ್ರೆ ನಿನ್ ಮಗ್ಗದ್ ಮುಂದ್ಕೇ ಬಂದು ಕೂತ್ಕತೀನಿ."

ಅವರಿಬ್ಬರೂ ಹೋದ ಮೇಲೆ ಚೆನ್ನಯ್ಯ ಮಗಳ ಮೇಲೆ ಹಾರಿದ. "ನೀನೇನಾ ಇಕ್ಕಿದ್ದು?"

"ನಾನಲ್ಲ ಕಣಪ್ಪ!"

ಅಷ್ಟರಲ್ಲಿ ಕಾಫಿ ಲೋಟವೊಂದು ಮುಂದೆ ಬಂತು. ಅದನ್ನು ಹಿಡಿದಿದ್ದ ಬೆರಳ ತುದಿ ಹಳದಿಯಾಗಿತ್ತು.

"ನೀನಾ! ಯಾಕೆ?"

"ಮನೆ ದಾರನ ಕತ್ರಿ ಮುಟ್ಬಾರ್ದು ಅಂತ ಗುರ್ತು ಮಾಡ್ದೆ," ಎಂದಳು ಚಿಕ್ಕತಾಯಮ್ಮ.

"ಮನೇದಾ? ಅದು ಶಿವರತ್ನಮ್ಮಂದು ಕಣೇ!"

ಚಿಕ್ಕತಾಯಮ್ಮ ಗಿಳಿಹಸಿರು ಸೀರೆಯನ್ನು ಹೆಗಲ ಮೇಲೆ ಹರಡಿಕೊಂಡು ಕನ್ನಡಿಯ ಮುಂದೆ ಸೆರಗು ನೀವಿಕೊಂಡಳು.

"ಬೆಳಗ್ಗೆ ಅವ್ರದೇ ಆಗಿತ್ತು. ಎದ್ದೇಳಿ ಎಂಜೈಮು, ಮಗ್ಗ ಕಾಯ್ತದೆ."